ಸಾಧು ಮನುಷ್ಯ ಬಂದೂಕು ಹಿಡಿದಾಗ

ಒಳ್ಳೆಯವನೋ ಕೆಟ್ಟವನೋ ಹೇಳಲಾಗದ ಕೌಬಾಯ್ ಎಂದರೆ ಬಾಯಲ್ಲಿ ಚುಟ್ಟಾ ಕಚ್ಚಿದ ಕ್ಲಿಂಟ್ ಈಸ್ಟ್‌ವುಡ್ ಕಣ್ಮುಂದೆ ಬರುತ್ತಾನೆ. ಈಸ್ಟ್‌ವುಡ್ಡನ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಬಂದದ್ದು 1964ರಲ್ಲಿ. ಅದಕ್ಕೂ ಹದಿನಾಲ್ಕು ವರ್ಷ ಮೊದಲೇ ಆ ಹಾದಿ ಹಿಡಿದವನು ಹಾಲಿವುಡ್ಡಿನ ಸಾಧು ಎಂದೇ ಹೆಸರಾಗಿದ್ದ ಜೇಮ್ಸ್ ಸ್ಟೀವರ್ಟ್.

ಸ್ಟೀವರ್ಟ್ ಹುಟ್ಟಿದ್ದು 1908ರಲ್ಲಿ, ಪೆನ್ಸಿಲ್ವೇನಿಯಾದ ಇಂಡಿಯಾನಾ ಎಂಬ ಸಣ್ಣ ಊರಲ್ಲಿ. ಅಪ್ಪನದು ಹಾರ್ಡ್‌ವೇರ್ ಅಂಗಡಿ. ಮಗನಿಗೆ ಬಂದ ಆಸ್ಕರ್ ಪ್ರತಿಮೆಯನ್ನು ಆತ ಅಲ್ಲೇ, ಗಿರಾಕಿಗಳಿಗೆ ಕಾಣುವಂತೆ ಇಟ್ಟಿದ್ದ! ಆಮೇಲೆ ಮಹಾಯುದ್ಧ. ಬಾಂಬರ್ ವಿಮಾನ ಹಾರಿಸಿ ಮರಳಿದ ಸ್ಟೀವರ್ಟನ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ 1946ರಲ್ಲಿ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಹಳೆಯ ಮುಗ್ಧ ನಗು ಇನ್ನು ಸಾಲದಾಗಿತ್ತು.

1950ರ ‘ವಿಂಚೆಸ್ಟರ್ 73’ ಎಲ್ಲವನ್ನೂ ಬದಲಿಸಿತು. ನಿರ್ದೇಶಕ ಆಂಟನಿ ಮಾನ್. ಸ್ಟೀವರ್ಟ್ ಸಂಬಳ ಬಿಟ್ಟು ಲಾಭದಲ್ಲಿ ಪಾಲು ಕೇಳಿದ. ಆ ಒಪ್ಪಂದ ಅವನನ್ನು ಶ್ರೀಮಂತನನ್ನಾಗಿಸಿತು, ಸ್ಟುಡಿಯೋಗಳ ಲೆಕ್ಕಾಚಾರವನ್ನೂ ಕದಲಿಸಿತು. ಆದರೆ ನೋಡುಗರು ಬೆಚ್ಚಿದ್ದು ಬೇರೆ ಕಾರಣಕ್ಕೆ. ಬಾರಿನಲ್ಲಿ ನಾಯಕ ಒಬ್ಬ ಪುಂಡನ ತೋಳು ತಿರುಚಿ ಮುಖವನ್ನು ಕಟ್ಟೆಗೆ ಅದುಮುತ್ತಾನೆ. ಕಣ್ಣಲ್ಲಿ ಹುಚ್ಚು. ಅಪ್ಪನನ್ನು ಕೊಂದ ಕೇಡಿಯನ್ನು ಬೆನ್ನಟ್ಟುತ್ತಿರುವ ಈತನಿಗೆ ಆ ಕೇಡಿ ಒಡಹುಟ್ಟಿದವನೇ.

ಮಾನ್ ನಿರ್ದೇಶನದ್ದೇ ಆದ ‘ಬೆಂಡ್ ಆಫ್ ದಿ ರಿವರ್’ನಲ್ಲಿ ನಾಯಕ ಸದಾ ಕೊರಳಿಗೆ ವಸ್ತ್ರ ಸುತ್ತಿರುತ್ತಾನೆ. ಅದರಡಿ ಇರುವುದು ನೇಣುಹಗ್ಗದ ಗಾಯದ ಗುರುತು. ಒಂದು ಕಾಲದಲ್ಲಿ ಅವನೂ ದರೋಡೆಕೋರನೇ.

ನನ್ನ ಮಟ್ಟಿಗೆ ಇವುಗಳಲ್ಲಿ ಮೇಲಾದುದು 1953ರ ‘ದಿ ನೇಕೆಡ್ ಸ್ಪರ್’. ನಾಯಕ ಹೋವರ್ಡ್ ಕೆಂಪ್ ಯುದ್ಧಕ್ಕೆ ಹೋದಾಗ, ಮದುವೆಯಾಗಬೇಕಿದ್ದ ಹುಡುಗಿಯೇ ಅವನ ಜಮೀನು ಮಾರಿಬಿಟ್ಟಿದ್ದಾಳೆ. ಅದನ್ನು ಮರಳಿ ಕೊಳ್ಳಲು 5,000 ಡಾಲರ್ ಬಹುಮಾನ ಬೇಕು. ಅದಕ್ಕಾಗಿ ಕೊಲೆಗಾರನೊಬ್ಬನ ಬೇಟೆ. ಕೊನೆಗೆ ನದಿಯಿಂದ ಹೆಣವನ್ನು ಎಳೆದು ತರುತ್ತಾನೆ, ಅದನ್ನೇ ಹಣವಾಗಿಸುತ್ತೇನೆಂದು ಹಟ ಹಿಡಿಯುತ್ತಾನೆ, ಆಮೇಲೆ ಬಿಕ್ಕಿ ಬಿಕ್ಕಿ ಅಳುತ್ತಾ ಗುಂಡಿ ತೋಡಲು ನಿಲ್ಲುತ್ತಾನೆ. ಕೌಬಾಯ್ ನಾಯಕ ಹೀಗೆ ಅಳುವುದನ್ನು ಆವರೆಗೆ ಕಂಡವರು ಕಡಿಮೆ.

ಮಾನ್ ಜೊತೆ ಐದು ವೆಸ್ಟರ್ನ್‌ಗಳಾದವು. 1957ರ ‘ನೈಟ್ ಪ್ಯಾಸೇಜ್’ ಹೊತ್ತಿಗೆ ಇಬ್ಬರಿಗೂ ಮನಸ್ತಾಪ. 1962ರಲ್ಲಿ ಜಾನ್ ಫೋರ್ಡ್ ‘ದಿ ಮ್ಯಾನ್ ಹೂ ಶಾಟ್ ಲಿಬರ್ಟಿ ವ್ಯಾಲೆನ್ಸ್’ನಲ್ಲಿ ಸ್ಟೀವರ್ಟ್‌ಗೆ ಇನ್ನೂ ಇಕ್ಕಟ್ಟಿನ ಪಾತ್ರ ಕೊಟ್ಟ: ಪುಂಡನನ್ನು ಕೊಂದವನೆಂಬ ಕೀರ್ತಿಯ ಮೇಲೆ ಸೆನೆಟರ್ ಆದ ವಕೀಲ. ಗುಂಡು ಹಾರಿಸಿದ್ದು ಮಾತ್ರ ಕತ್ತಲಲ್ಲಿ ನಿಂತಿದ್ದ ಜಾನ್ ವೇನ್.