ಇಳಿಯದೆ ಹೋದ ವಿಮಾನ
(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಕಳೆದ ಆಷಾಢದಲ್ಲಿ ನಾವು ನಾಲ್ವರು ಮುಂಬಯಿಯಿಂದ ಊರಿಗೆ ಹೊರಟುದು ನಿಮಗೆ ತಿಳಿದೇ ಇದೆ. ನಮ್ಮಲ್ಲೊಬ್ಬನ ತಾಯಿಯ ಉತ್ತರಕ್ರಿಯೆ. ರೈಲು ಹಿಡಿದರೆ ಹೊತ್ತಿಗೆ ಮುಟ್ಟೆವೆಂದು ಸಾಲ ಮಾಡಿ ವಿಮಾನದ ಟಿಕೇಟು ಕೊಂಡೆವು. ವಿಮಾನ ಮಂಗಳೂರಿನ ಮೇಲೆ ಎರಡು ಸುತ್ತು ಹಾಕಿತು, ಇಳಿಯಲಿಲ್ಲ, ಬೆಂಗಳೂರಿಗೆ ಹೋಯಿತು. ನಾವು ಊರು ಸೇರುವಾಗ ಊಟದ ಎಲೆ ಎತ್ತಿ ಆಗಿತ್ತು. “ಮಳೆಗೆ ಹೆದರುವವನು ವಿಮಾನ ಯಾಕೆ ನಡೆಸಬೇಕು?” ಎಂದು ನಾವು ಬೈದುದೂ ಉಂಟು. ಆಮೇಲೆ ಬಲ್ಲವರನ್ನು ಕೇಳಿ ತಿಳಿದುದನ್ನು ಇಂದು ನಿಮ್ಮ ಮುಂದಿಡುತ್ತೇವೆ.

ವಿಮಾನ ಚಾಲಕನು ಬರಿಗಣ್ಣಿನಿಂದ ಮುಗಿಲು ನೋಡಿ ಹೊರಡುವವನಲ್ಲ. ಹೊರಡುವ ಮೊದಲೇ ಅವನ ಕೈಗೆ ಹವೆಯ ಕಾಗದಗಳು ಬರುತ್ತವೆ. ಒಂದು, ‘ಮೆಟಾರ್’, ನಿಲ್ದಾಣದಲ್ಲಿ ಈಗ ಹವೆ ಹೇಗಿದೆ ಎಂಬ ವರದಿ. ಇದನ್ನು ಅರ್ಧ ಗಂಟೆಗೋ ಗಂಟೆಗೋ ಒಮ್ಮೆ ಹೊಸದಾಗಿ ಕೊಡುತ್ತಾರೆ. ಎರಡನೆಯದು ‘ಟ್ಯಾಫ್’, ಮುಂದಿನ ಗಂಟೆಗಳಲ್ಲಿ ಹೇಗಿರಬಹುದೆಂಬ ಮುನ್ಸೂಚನೆ. ಮೂರನೆಯದು ‘ಸಿಗ್ಮೆಟ್’, ದಾರಿಯಲ್ಲಿ ಗುಡುಗುಮಳೆ, ಚಂಡಮಾರುತದಂಥ ಅಪಾಯವಿದ್ದರೆ ಎಚ್ಚರಿಕೆ. ನಮ್ಮ ದೇಶದಲ್ಲಿ ಈ ಕೆಲಸ 1875ರಲ್ಲಿ ಸ್ಥಾಪನೆಯಾದ ಹವಾಮಾನ ಇಲಾಖೆಯದು.

ಈ ವರದಿಯಲ್ಲಿ ಗಾಳಿಯ ದಿಕ್ಕು, ವೇಗ, ಎಷ್ಟು ಮೀಟರು ದೂರ ಕಾಣುತ್ತದೆ, ಮೋಡ ಎಷ್ಟು ಎತ್ತರದಲ್ಲಿದೆ, ಹವೆಯ ಒತ್ತಡವೆಷ್ಟು ಎಲ್ಲವೂ ಅಂಕಿಗಳಲ್ಲಿ ಇರುತ್ತದೆ. ಒಂದೊಂದು ಅಂಕಿಗೂ ಕೆಲಸವುಂಟು. ಒತ್ತಡದ ಅಂಕಿಗೆ ಹೊಂದಿಸಿದರೆ ಮಾತ್ರ ಎತ್ತರ ತೋರಿಸುವ ಗಡಿಯಾರ ಸರಿ ಹೇಳುತ್ತದೆ. ಅದರಲ್ಲಿ 10 ಹೆಕ್ಟೋಪಾಸ್ಕಲ್ ತಪ್ಪಿದರೆ ಎತ್ತರದಲ್ಲಿ ಸುಮಾರು 300 ಅಡಿ ತಪ್ಪುತ್ತದೆ. ಮೋಡದೊಳಗೆ ಇಳಿಯುವವನಿಗೆ ಅದು ಸಾವು ಬದುಕಿನ ಅಂತರ.

ಗಾಳಿ ಎದುರಿನಿಂದ ಬೀಸಿದರೆ ವಿಮಾನ ಬೇಗ ನಿಲ್ಲುತ್ತದೆ. ಹಿಂದಿನಿಂದ ಬೀಸಿದರೆ ಮುಂದಕ್ಕೆ ತಳ್ಳುತ್ತದೆ. 2020ರ ಆಗಸ್ಟ್ 7ರಂದು ಕೋಜಿಕ್ಕೋಡಿನಲ್ಲಿ ದುಬೈಯಿಂದ ಬಂದ ವಿಮಾನವೊಂದು ಮಳೆಯಲ್ಲಿ, ಹಿಂಗಾಳಿಯಲ್ಲಿ ಇಳಿಯಿತು. ಪಥದ ಅರ್ಧ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಮತ್ತೆ ಮೇಲೇರದೆ ಇಳಿದುದೇ ತಪ್ಪಾಯಿತೆಂದು ತನಿಖೆ ಹೇಳಿತು. ಇಬ್ಬರು ಚಾಲಕರೂ ಸೇರಿ 21 ಜನ ತೀರಿಕೊಂಡರು. ಅಲ್ಲಿಯಂತೆ ನಮ್ಮ ಬಜ್ಪೆಯ ಪಥವೂ ಗುಡ್ಡದ ನೆತ್ತಿಯ ಮೇಲಿದೆ ಎಂಬುದನ್ನು ನೆನಪಿಡಿ.

ಹಾಗಾದರೆ ಬೆಂಗಳೂರಿನವರೆಗೆ ಹೋಗಲು ಎಣ್ಣೆ ಎಲ್ಲಿಂದ ಬಂತು? ಅದೂ ಮೊದಲೇ ಹಾಕಿದ ಲೆಕ್ಕವೇ. ಸೇರಬೇಕಾದ ಊರಿಗೆ, ಅಲ್ಲಿ ಆಗದಿದ್ದರೆ ಇನ್ನೊಂದು ಊರಿಗೆ, ಅದರ ಮೇಲೆ ಮತ್ತೆ 30 ನಿಮಿಷದ ಹಾರಾಟಕ್ಕೆ ಜೆಟ್ ವಿಮಾನದಲ್ಲಿ ಎಣ್ಣೆ ಇರಲೇಬೇಕು. ಹವೆಯ ಕಾಗದ ನೋಡಿಯೇ ಆ ಇನ್ನೊಂದು ಊರನ್ನು ಆರಿಸುತ್ತಾರೆ.

ಹಾರುವಾಗಲೂ ಸುದ್ದಿ ನಿಲ್ಲುವುದಿಲ್ಲ. ವಿಮಾನದ ಮೂತಿಯಲ್ಲಿರುವ ರಾಡಾರು ಮುಂದಿನ ಮಳೆಯನ್ನು ಬಣ್ಣದಲ್ಲಿ ತೋರಿಸುತ್ತದೆ. ಕೆಂಪು ಕಂಡಲ್ಲಿಂದ ಸುತ್ತಿ ಹೋಗುತ್ತಾರೆ. ಮುಂದೆ ಹೋದ ಚಾಲಕ, “ಇಲ್ಲಿ ವಿಮಾನ ಬಹಳ ಕುಲುಕುತ್ತಿದೆ” ಎಂದು ರೇಡಿಯೋದಲ್ಲಿ ತಿಳಿಸಿದರೆ ಹಿಂದಿನವರು ಎಚ್ಚರವಾಗುತ್ತಾರೆ. ಗಿರಣಿಗಳಲ್ಲಿ ದುಡಿದ ನಮ್ಮ ಹಿರಿಯರಿಗೆ ಇದು ಹೊಸತಲ್ಲ. ಪಾಳಿ ಬಿಡುವಾಗ, “ಈ ಮಗ್ಗ ನೂಲು ಕಡಿಯುತ್ತಿದೆ, ಜೋಕೆ” ಎಂದು ಮುಂದಿನವನಿಗೆ ಹೇಳಿಯೇ ಹೊರಬೀಳುತ್ತಿದ್ದರು. ಹೋಟೆಲಿನ ಒಲೆಯ ಮುಂದೆ ನಾವೂ ಹಾಗೆಯೇ ಅಲ್ಲವೇ?

ಬಂಧುಗಳೇ, ಅಂದು ನಾವು ಬೈದ ಚಾಲಕನೂ ದುಡಿಯುವವನೇ. ನೂರಾರು ಜನರ ಸಿಟ್ಟು ಬೆನ್ನ ಮೇಲಿದ್ದರೂ ಅವನು ಇಳಿಯಲಿಲ್ಲ. ಕ್ರಿಯೆಗೆ ನಾವು ತಡವಾದೆವು ನಿಜ; ಆದರೆ ನಾಲ್ವರೂ ಮನೆಯ ಮೆಟ್ಟಿಲು ಹತ್ತಿದೆವು. ಇನ್ನು ಮುಂದೆ ಮಳೆಗಾಲದಲ್ಲಿ ತಪ್ಪಿಸಲಾಗದ ಕೆಲಸವಿದ್ದರೆ ಒಂದು ದಿನ ಮುಂಚೆ ಹೊರಡೋಣ. ಅದಕ್ಕೆ ರಜೆ ಬೇಕೆಂದು ಧಣಿಗಳನ್ನು ಸಂಘದ ಮೂಲಕ ಒಟ್ಟಾಗಿ ಕೇಳೋಣ.