ಸಾಲ ಪಾಪವಲ್ಲ, ಮುಚ್ಚಿಡುವುದೇ ಅಪಾಯ
(ಹಿಂದೂಪುರದಲ್ಲಿ ತೋಟದ ಕೂಲಿ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಹಿಂದೂಪುರ, ಕಲ್ಯಾಣದುರ್ಗದ ಸೀಮೆಯವರಿಗೆ ಸಾಲವೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷಗಳೇ ಅದನ್ನು ಕಲಿಸಿವೆ. ನಾನು ಇಂದು ಹೇಳಬೇಕೆಂದಿರುವುದು ಆ ಸಾಲಕ್ಕೂ ನಮ್ಮ ಮಕ್ಕಳ ಕೆಲಸಕ್ಕೂ ಇರುವ ಸಂಬಂಧವನ್ನು.

ಲೈನ್ ಮನೆಗಳಲ್ಲಿ ಬೆಳೆದ ಮಕ್ಕಳು ಈಗ ಓದಿ ಪೊಲೀಸ್, ಸೈನ್ಯ, ಬ್ಯಾಂಕು, ಬೆಂಗಳೂರಿನ ರಕ್ಷಣಾ ಕಾರ್ಖಾನೆಗಳಿಗೆ ಅರ್ಜಿ ಹಾಕುತ್ತಿದ್ದಾರೆ. ಇಲ್ಲೇ ಪಾಲಸಮುದ್ರದಲ್ಲಿ 2024ರ ಜನವರಿಯಲ್ಲಿ ಸುಂಕ ಇಲಾಖೆಯ ರಾಷ್ಟ್ರೀಯ ತರಬೇತಿ ಸಂಸ್ಥೆ ಆರಂಭವಾಗಿದೆ. ಇಂಥ ಕೆಲಸಗಳಿಗೆ ಸೇರಿಸಿಕೊಳ್ಳುವಾಗ ನಡತೆಯ ವಿಚಾರಣೆ ಮಾಡುತ್ತಾರೆ. ಆಗ ಮನೆಯವರಿಗೆ ಭಯ: "ನಿಜ ಹೇಳಿದರೆ ಕೆಲಸ ಹೋದೀತು, ಮುಚ್ಚಿಡೋಣ."

ಸಾಲದ ಮಾತು ಅಲ್ಲಿ ಏಕೆ ಬರುತ್ತದೆ? ಸಾಲದಲ್ಲಿ ಮುಳುಗಿದವನನ್ನು ಹೊರಗಿನವರು ಸುಲಭವಾಗಿ ಕೊಂಡುಕೊಳ್ಳಬಹುದು ಎಂಬ ಕಾರಣಕ್ಕೆ. ಅಮೆರಿಕದ ಗುಪ್ತಚರ ಅಧಿಕಾರಿ ಆಲ್ಡ್ರಿಚ್ ಏಮ್ಸ್ 1985ರಲ್ಲಿ ಸಾಲದ ಒತ್ತಡದಿಂದ ತನ್ನ ದೇಶದ ಗುಟ್ಟುಗಳನ್ನು ಸೋವಿಯತ್ ರಷ್ಯಾಕ್ಕೆ ಮಾರತೊಡಗಿದ. ಅವನು ಸೆರೆ ಸಿಕ್ಕಿದ್ದು 1994ರಲ್ಲಿ.

ನಮ್ಮ ದೇಶದಲ್ಲಿ ಕೇಂದ್ರ ಸರಕಾರಿ ನೌಕರರ 1964ರ ನಡತೆ ನಿಯಮಗಳಿವೆ. ನೌಕರನು ಸದಾ ಸಾಲಗಾರನಾಗಿರದಂತೆ ತನ್ನ ವ್ಯವಹಾರ ನೋಡಿಕೊಳ್ಳಬೇಕೆಂದು 17ನೆಯ ನಿಯಮ ಹೇಳುತ್ತದೆ. ಸಾಲ ವಸೂಲಿಗೆ ಕೋರ್ಟಿನಲ್ಲಿ ದಾವೆ ಬಿದ್ದರೆ ಅದನ್ನು ತಾನೇ ಸರಕಾರಕ್ಕೆ ತಿಳಿಸಬೇಕು. ಆದರೆ ಅದೇ ನಿಯಮ ಒಂದು ದಾರಿಯನ್ನೂ ಬಿಟ್ಟಿದೆ. ದುಂದುವೆಚ್ಚದಿಂದಲ್ಲ, ತನ್ನ ಕೈಮೀರಿದ ಕಾರಣದಿಂದ ಸಾಲವಾಯಿತೆಂದು ಅವನು ತೋರಿಸಿಕೊಡಬಹುದು. ತೋರಿಸುವ ಹೊಣೆ ಅವನದೇ. ಆದುದರಿಂದ ಆಸ್ಪತ್ರೆಯ ಚೀಟಿ, ಸಾಲ ತೀರಿಸಿದ ರಸೀತಿ, ಯಾವುದನ್ನೂ ಬಿಸಾಡಬೇಡಿ.

ಇನ್ನು ಪ್ರಾಮಾಣಿಕತೆ. ಪೊಲೀಸ್ ಕೇಸುಗಳನ್ನು ಫಾರಂನಲ್ಲಿ ಮುಚ್ಚಿಡುವ ಬಗ್ಗೆ 2016ರ ಜುಲೈಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ತೀರ್ಪು ಕೊಟ್ಟರು. ಕೇಳಿದ್ದಕ್ಕೆ ನಿಜವನ್ನೇ ಬರೆಯಬೇಕು, ಮುಚ್ಚಿಟ್ಟರೆ ಕೆಲಸ ಹೋಗಬಹುದು. ಆದರೆ ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ತಪ್ಪಾದರೆ ಅಧಿಕಾರಿ ಅದನ್ನು ಮನ್ನಿಸಬಹುದು. ಕೇಳದೆ ಇದ್ದದ್ದನ್ನು ಹೇಳಲಿಲ್ಲವೆಂದು ಶಿಕ್ಷಿಸುವಂತಿಲ್ಲ. ನಿಜ ಹೇಳಿದ ಮಾತ್ರಕ್ಕೆ ಕೆಲಸ ಕೊಡಲೇಬೇಕೆಂದೂ ಇಲ್ಲ, ಇದನ್ನೂ ತಿಳಿದಿರಿ.

ಬ್ಯಾಂಕಿನ ಕೆಲಸಕ್ಕೆ ಸಾಲದ ದಾಖಲೆಯನ್ನೇ ನೋಡುತ್ತಾರೆ. ಕಂತು ತಪ್ಪಿದ ಹಳೆಯ ದಾಖಲೆಯ ಕಾರಣ ಸ್ಟೇಟ್ ಬ್ಯಾಂಕ್ ಒಬ್ಬನ ನೇಮಕ ರದ್ದು ಮಾಡಿತು. ಸಾಲವೆಲ್ಲ ತೀರಿಸಿದ್ದೇನೆಂದು ಅವನು ವಾದಿಸಿದರೂ, ಬ್ಯಾಂಕು ಮಾಡಿದ್ದು ಸರಿಯೆಂದು ಮದ್ರಾಸ್ ಹೈಕೋರ್ಟ್ 2025ರ ಜೂನ್‌ನಲ್ಲಿ ಹೇಳಿತು.

ಆದುದರಿಂದ ತಂದೆತಾಯಂದಿರೇ, ಮಕ್ಕಳ ಹೆಸರಿನಲ್ಲಿ ಫೈನಾನ್ಸ್ ಸಾಲ ತೆಗೆಯಬೇಡಿ. ಬೇರೆಯವರ ಸಾಲಕ್ಕೆ ಮಗನ ಕೈಯಿಂದ ಜಾಮೀನು ಹಾಕಿಸಬೇಡಿ. ಅವರು ಕಟ್ಟದಿದ್ದರೆ ಕಳಂಕ ಇವನ ದಾಖಲೆಗೆ. ಸಿಬಿಲ್‌ನಂಥ ನಾಲ್ಕು ಸಂಸ್ಥೆಗಳು ಈ ದಾಖಲೆ ಇಡುತ್ತವೆ. ಪ್ರತಿಯೊಂದೂ ವರ್ಷಕ್ಕೊಮ್ಮೆ ಪುಕ್ಕಟೆಯಾಗಿ ವರದಿ ಕೊಡಬೇಕು. ತೆಗೆದು ನೋಡಿ, ತಪ್ಪಿದ್ದರೆ ತಿದ್ದಿಸಿ. ಸಾಲ ತೀರಿದ ದಿನವೇ ಬಾಕಿ ಇಲ್ಲವೆಂಬ ಪತ್ರ ಪಡೆಯಿರಿ.

ಕಡೆಯ ಮಾತು. ಮುಂಗಡ ತೀರುವವರೆಗೂ ತೋಟ ಬಿಡಬಾರದೆಂದು ಯಾರಾದರೂ ನಿಮ್ಮನ್ನೋ ಮಕ್ಕಳನ್ನೋ ಕಟ್ಟಿಹಾಕಿದರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯಿದೆ ಅದನ್ನು ಅಪರಾಧವೆಂದಿದೆ, ಜೀತದ ಸಾಲವನ್ನೇ ಅಳಿಸಿಹಾಕಿದೆ. ಅಂಥ ಸಾಲಕ್ಕೆ ನಾಚಬೇಡಿ, ತಹಸೀಲ್ದಾರರಿಗೆ ದೂರು ಕೊಡಿ.

ಬಡವನಿಗೆ ಸಾಲ ಬರುತ್ತದೆ. ಅದನ್ನು ಒಪ್ಪಿಕೊಂಡು ಕಂತು ಕಟ್ಟುತ್ತಿರುವವನ ಮೇಲೆ ಯಾರೂ ಗುಟ್ಟಿನ ಹಿಡಿತ ಸಾಧಿಸಲಾರರು. ಫಾರಂ ತುಂಬುವ ದಿನ ಮಕ್ಕಳ ಪಕ್ಕದಲ್ಲಿ ಕುಳಿತು, ನಿಜ ಬರೆಯಲು ಧೈರ್ಯ ಕೊಡಿ.