ಯಂತ್ರದ ಮುಂದೆ ನಮ್ಮ ಹೆಸರು
(ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ನಡೆದ ಹಿರಿಯರ ಸಭೆಯಲ್ಲಿ ಮಾಡಿದ ಭಾಷಣ)



ಕೃತಕ ಬುದ್ಧಿಮತ್ತೆ ಎಂಬುದು ಯುವಕರ ವಿಷಯವೆಂದು ನಾವು ಭಾವಿಸಿಕೊಂಡಿದ್ದೆವು. ಆದರೆ ಪಿಂಚಣಿ, ಪಡಿತರ, ಆಸ್ಪತ್ರೆ ಎಂದು ಸರಕಾರದ ಬಾಗಿಲನ್ನು ಅತಿ ಹೆಚ್ಚು ಬಾರಿ ತಟ್ಟುವವರು ನಾವು. ಆ ಬಾಗಿಲಿನ ಹಿಂದೆ ಕುಳಿತಿರುವುದು ಮನುಷ್ಯನೋ ಯಂತ್ರವೋ ಎಂದು ಕೇಳುವ ಹಕ್ಕು ನಮಗಿದೆ.

ಭರವಸೆಯ ಮಾತನ್ನೇ ಮೊದಲು ಹೇಳೋಣ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಭಾಗದಲ್ಲಿ ಉರ್ದು ಕಚೇರಿಯ ಭಾಷೆಯಾಗಿತ್ತು. ಅನಂತರ ಕನ್ನಡ ಬಂತು. ಮೊಬೈಲಿನ ಪರದೆಯ ಮೇಲೆ ಇಂಗ್ಲಿಷ್ ಬಂತು. ಮನೆಯಲ್ಲಿ ದಖನಿ, ಸಂತೆಯಲ್ಲಿ ಕನ್ನಡ ಆಡುವ ನಮ್ಮಲ್ಲಿ ಅನೇಕರಿಗೆ ಒಂದು ಅರ್ಜಿ ತುಂಬಬೇಕಾದರೂ ಮೊಮ್ಮಗ ಮನೆಗೆ ಬರುವವರೆಗೆ ಕಾಯಬೇಕು. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ 'ಭಾಷಿಣಿ' ಯೋಜನೆಯು ಭಾರತೀಯ ಭಾಷೆಗಳ ಮಾತನ್ನು ಬರಹವಾಗಿಸುವ, ಅನುವಾದಿಸುವ ಕೆಲಸಕ್ಕೆ ಕೈ ಹಾಕಿದೆ. ಬೆರಳಿನ ಗುರುತು ಸವೆದುಹೋದ ಪಿಂಚಣಿದಾರರು ಮೊಬೈಲಿಗೆ ಮುಖ ತೋರಿಸಿ ಜೀವಿತ ಪ್ರಮಾಣಪತ್ರ ಸಲ್ಲಿಸುವ ಸೌಲಭ್ಯ 2021ರಲ್ಲೇ ಬಂದಿದೆ. ಕಮಲಾಪುರದ ಕೆಂಪು ಬಾಳೆಯ ರೈತನು ಎಲೆಗೆ ತಗುಲಿದ ರೋಗದ ಬಗ್ಗೆ ತನ್ನದೇ ಮಾತಿನಲ್ಲಿ ಕೇಳಿ ತಿಳಿಯುವಂತಾದರೆ ಬೇಡವೆನ್ನುವವರಾರು? ನಮ್ಮ ದಖನಿ ಆ ಯಂತ್ರಕ್ಕೆ ಎಷ್ಟು ಅರ್ಥವಾದೀತೆಂಬುದು ಬೇರೆ ಮಾತು. ಅದು ಲಕ್ನೋದವರಿಗೇ ಅರ್ಥವಾಗುವುದಿಲ್ಲ!

ಇನ್ನು ಆತಂಕ. ಮಗನ ಧ್ವನಿಯನ್ನೇ ನಕಲು ಮಾಡಿ ಹಣ ಕೇಳುವ ವಂಚಕರ ಬಗ್ಗೆ ನೀವೆಲ್ಲ ಕೇಳಿದ್ದೀರಿ. ಫೋನ್ ಇಟ್ಟು, ನಿಮ್ಮಲ್ಲಿರುವ ಹಳೆಯ ಸಂಖ್ಯೆಗೆ ನೀವೇ ಕರೆ ಮಾಡಿರಿ. ಮೋಸ ಹೋಗಿದ್ದರೆ ತಡ ಮಾಡದೆ 1930ಕ್ಕೆ ತಿಳಿಸಿರಿ.

ಆದರೆ ನಮ್ಮನ್ನು ಹೆಚ್ಚು ಕಾಡುವುದು ಕಳ್ಳನ ಯಂತ್ರವಲ್ಲ, ಕಚೇರಿಯ ಯಂತ್ರ. ನೆರೆಯ ತೆಲಂಗಾಣದಲ್ಲಿ 'ಸಮಗ್ರ ವೇದಿಕ' ಎಂಬ ವ್ಯವಸ್ಥೆಯು ವಾಹನ, ಆಸ್ತಿ ಮೊದಲಾದ ಸರಕಾರಿ ದಾಖಲೆಗಳನ್ನು ಒಂದಕ್ಕೊಂದು ಜೋಡಿಸಿ, ಯಾರು ಬಡವರು, ಯಾರು ಅಲ್ಲ ಎಂದು ಗುರುತಿಸುತ್ತದೆ. ಹೈದರಾಬಾದ್‌ನ ಓರ್ವ ವೃದ್ಧ ವಿಧವೆಯ ಪತಿ ರಿಕ್ಷಾ ತುಳಿಯುತ್ತಿದ್ದವರು. ಹೆಸರಿನ ಹೋಲಿಕೆಯಿಂದ ಯಂತ್ರವು ಅವರನ್ನು ಕಾರಿನ ಮಾಲೀಕರೆಂದು ಎಣಿಸಿತು. ಆಕೆಯ ಪಡಿತರ ನಿಂತಿತು. ರದ್ದಾಗಿದ್ದ ಸುಮಾರು 19 ಲಕ್ಷ ಚೀಟಿಗಳನ್ನು ಮರುಪರಿಶೀಲಿಸುವಂತೆ ಸುಪ್ರೀಂ ಕೋರ್ಟ್ 2022ರಲ್ಲಿ ಆ ರಾಜ್ಯಕ್ಕೆ ಹೇಳಬೇಕಾಯಿತು.

ಬಂದೇನವಾಜರ ಈ ಊರಿನಲ್ಲಿ 'ಖಾಜಾ' ಎಂದು ಕೂಗಿದರೆ ಹತ್ತು ಮಂದಿ ತಿರುಗಿ ನೋಡುತ್ತಾರೆ. 'ಶರಣಪ್ಪ' ಎಂದರೂ ಅಷ್ಟೇ. ಇಂಗ್ಲಿಷಿನಲ್ಲಿ ಬರೆಯುವಾಗ ಆಧಾರ್‌ನಲ್ಲಿ ಒಂದು ಕಾಗುಣಿತ, ಮತದಾರರ ಪಟ್ಟಿಯಲ್ಲಿ ಇನ್ನೊಂದು. ಗುಮಾಸ್ತನು ತಪ್ಪು ಮಾಡಿದರೆ ಅವನೊಡನೆ ಜಗಳವಾಡಬಹುದು, ನೆರೆಮನೆಯವರನ್ನು ಸಾಕ್ಷಿಗೆ ಕರೆಯಬಹುದು. ಯಂತ್ರದ ಮುಂದೆ ಯಾರನ್ನು ಕರೆಯೋಣ? ಆದ್ದರಿಂದ ನಾವು ಕೇಳಬೇಕಾದುದು ಇಷ್ಟೇ: ಯಂತ್ರ ಸಂಶಯ ತೋರಿಸಲಿ, ಆದರೆ ಅಧಿಕಾರಿಯೊಬ್ಬರು ಮನೆಗೆ ಬಂದು ನೋಡದೆ ಯಾರ ಅನ್ನವೂ ನಿಲ್ಲದಿರಲಿ. ನಿಲ್ಲಿಸಿದ ಕಾರಣವನ್ನು ನಾವು ಓದಬಲ್ಲ ಭಾಷೆಯಲ್ಲಿ ಬರೆದು ಕೊಡಲಿ.

ದಾಖಲೆಗಳಲ್ಲಿ ಹೆಸರು ಬೇರೆ ಬೇರೆಯಾಗಿರುವವರು ಸಭೆಯ ಬಳಿಕ ಸ್ವಲ್ಪ ಹೊತ್ತು ಕುಳಿತಿರಿ. ತಿದ್ದುಪಡಿಯ ಅರ್ಜಿಗಳನ್ನು ಇಲ್ಲಿಯೇ ತುಂಬಿಕೊಡುತ್ತೇವೆ. ಕಮಲಾಪುರದಿಂದ ಬಂದವರು ಮುಂದೆ ಬನ್ನಿರಿ, ನಿಮಗೆ ಬಸ್ಸು ತಪ್ಪಬಾರದು.